ಒಂದು ಬೆರಳು ಸಂದು ಬಿಟ್ಟವರು

೧೯೫೮, ಜೂನ್ ೧೫, ರವಿವಾರ. ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷಕ್ಕೆ ರಾಜೂರಿನ ನಮ್ಮ ಮನೆಯ ಪಡಸಾಲೆಯಲ್ಲಿ ಪತ್ರಿಕೆಗೆಂದು ಇದನ್ನು ಬರೆಯಲು ಕುಳಿತಿದ್ದೇನೆ. ಕುಳಿತಲ್ಲಿಂದ ಅಡುಗೆ ಮನೆಯ ಒಲೆ ಕಾಣುತ್ತದೆ. ಅವ್ವ ರೊಟ್ಟಿ ಬಡಿಯುತ್ತಿದ್ದಾಳೆ. ಈವರೆಗೆ ನಾಲ್ಕು ಆಗಿವೆ, ಇನ್ನು ಹದಿನಾಲ್ಕು ಆಗಬೇಕು.

ನಾನು ಹೇಳಹೊರಟಿರುವವರು ಗಜೇಂದ್ರಗಡದಲ್ಲಿ ತಗಡಿನ ಕೆಲಸ ಮಾಡುತ್ತಿದ್ದರು. ಕಂದೀಲು, ಲಾಳಿಕೆ, ಎಣ್ಣೆ ಡಬ್ಬಿಗಳಿಗೆ ಹಿಡಿಕೆ, ಇಂಥವೇ ಹೆಚ್ಚು. ಅವರು ತೀರಿಕೊಂಡ ಸುದ್ದಿ ನನಗೆ ತಿಳಿದು ಇಂದಿಗೆ ಹದಿನಾಲ್ಕು ದಿನ. ತಿಳಿದ ಮೇಲೆ ನನ್ನ ದಿನಚರಿಯ ನಾಲ್ಕು ವರ್ಷದ ಪುಸ್ತಕಗಳನ್ನು ತಿರುವಿ ನೋಡಿದೆ. ಅವರ ಪ್ರಸ್ತಾಪ ಹನ್ನೊಂದು ಕಡೆ ಬರುತ್ತದೆ. ಹನ್ನೊಂದು ಕಡೆಯೂ ‘ತಗಡಿನ ಕಾಕಾ’ ಅಥವಾ ಬರೀ ‘ಕಾಕಾ’ ಎಂದಿದೆ. ಎಲ್ಲಿಯೂ ಹೆಸರಿಲ್ಲ. ನಾನು ರೋಣದ ಕಚೇರಿಯಲ್ಲಿ ಕಾರಕೂನ, ವಾರವೆಲ್ಲ ಅಲ್ಲಿದ್ದು ರವಿವಾರಕ್ಕೆ ಊರಿಗೆ ಬರುತ್ತೇನೆ. ಮಳೆಯ ಅಳತೆಯನ್ನು ದಿನಾಲೂ ಬೆಳಿಗ್ಗೆ ಪುಸ್ತಕದಲ್ಲಿ ಏರಿಸುವುದು ನನ್ನ ಪಾಲಿನ ಕೆಲಸ. ಆ ಅಭ್ಯಾಸ ಮನೆಗೂ ಬಂದಿದೆ. ಊರಿನ ಬಾವಿಯ ನೀರು ಎಷ್ಟು ಮೆಟ್ಟಿಲು ಇಳಿಯಿತು, ಎಮ್ಮೆ ಯಾವ ದಿನ ಈಯಿತು, ಎಲ್ಲ ಬರೆದಿಡುತ್ತೇನೆ. ಒಬ್ಬ ಮನುಷ್ಯನ ಹೆಸರು ಮಾತ್ರ ಬಿಟ್ಟುಹೋಯಿತು.

ಅವರ ಹತ್ತಿರ ಹೋಗುವುದಕ್ಕೆ ಕಾರಣ ಅವ್ವನ ಕಣ್ಣು. ೧೯೫೫ರ ಬೇಸಿಗೆಯ ಹೊತ್ತಿಗೆ ಅವಳ ಬಲಗಣ್ಣು ಆಗಲೇ ಮಂಜಾಗಿತ್ತು. ದವಾಖಾನೆಯ ಡಾಕ್ಟರರು ಕಣ್ಣಿನ ರೆಪ್ಪೆ ಮಗುಚಿ ನೋಡಿ, ಬಲಗಡೆಯದನ್ನು ಇನ್ನು ಬಿಡಿ, ಎಡಗಡೆಯದು ಉಳಿಯಬೇಕಾದರೆ ಹೊಗೆ ತಪ್ಪಬೇಕು, ಹೊಗೆ ತಪ್ಪದೆ ನಾನು ಎಷ್ಟು ಔಷಧ ಹಾಕಿದರೂ ನೀರಿನಲ್ಲಿ ಹಾಕಿದ ಹಾಗೆ ಎಂದರು. ನಮ್ಮ ಅಡುಗೆ ಮನೆಗೆ ಕಿಟಕಿ ಇಲ್ಲ. ಒಲೆಯ ಮೇಲೆ ಮಾಳಿಗೆಯಲ್ಲಿ ಒಂದು ಬೆಳಕಿಂಡಿ ಇದೆ, ಅಷ್ಟೆ. ಅದರಿಂದ ಹೊಗೆ ಹೊರಗೆ ಹೋಗುವುದಕ್ಕಿಂತ ಜಂತಿಗಳ ನಡುವೆ ಹರಡಿ ಕೆಳಗಿಳಿಯುವುದೇ ಹೆಚ್ಚು. ನಾನು ಒಂದು ದಿನ ಎಣಿಸಿದೆ. ಹದಿನೆಂಟು ರೊಟ್ಟಿ ಮಾಡುವಷ್ಟರಲ್ಲಿ ಅವ್ವ ಸೆರಗಿನಿಂದ ಇಪ್ಪತ್ತಮೂರು ಸಲ ಕಣ್ಣು ಒರೆಸಿಕೊಂಡಳು.

“ಏನ್ ಬರಿಯಾಕತ್ತಿಯೋ?” ಎಂದಳು.

“ಇಪ್ಪತ್ತಮೂರ ಸಲಾ ಒರಸ್ಕೊಂಡಿಬೇ.”

“ಛಲೋ ಆತು. ಕಚೇರಿಗೆ ಕಳಸು. ಅಲ್ಲಿ ಮಳಿ ಲೆಕ್ಕಾ ಕಡಿಮಿ ಬಿದ್ದಿದ್ರ ಇದನ್ನೂ ಕೂಡಸ್ಕೊಳ್ಳಿ.”

ರೋಣದಲ್ಲಿ ನಾನು ಊಟ ಮಾಡುವ ಖಾನಾವಳಿಯಲ್ಲಿ ಒಲೆಯ ಮೇಲೆ ತಗಡಿನ ದೊಡ್ಡದೊಂದು ಛತ್ರಿ ತೂಗುಬಿಟ್ಟಿದ್ದರು. ಕೆಳಗೆ ಅಗಲ, ಮೇಲೆ ಹೋದಂತೆ ಕಿರಿದು, ತುದಿ ಮಾಳಿಗೆಯ ಬೆಳಕಿಂಡಿಗೆ ಕೂಡಿಕೊಂಡಿತ್ತು. ಒಲೆಯ ಹೊಗೆಯೆಲ್ಲ ಅದರೊಳಗೆ ಸೇರಿ ಮೇಲೆ ಹೋಗುತ್ತಿತ್ತು. ಮಾಡಿದವರು ಯಾರೆಂದು ಕೇಳಿದೆ. “ಗಜೇಂದ್ರಗಡದಾಗ ಹೋಗಿ ತಗಡಿನ ಕಾಕಾ ಎಲ್ಲಿ ಅಂತ ಕೇಳ್ರಿ,” ಎಂದರು ಖಾನಾವಳಿಯವರು. “ಕೇಳೂದೂ ಬ್ಯಾಡ, ಸದ್ದು ಬಂದ ಕಡೆ ನಡೀರಿ.”

ಸದ್ದು ಬಂದ ಕಡೆಗೆ ಹೋದೆ. ೧೯೫೫, ಏಪ್ರಿಲ್ ೧೭. ಮಗ್ಗಗಳ ಓಣಿಯ ತುದಿಯಲ್ಲಿ ಒಂದು ಸಣ್ಣ ಗೂಡಂಗಡಿ. ಬೋರಲು ಹಾಕಿದ ಡಬ್ಬಿಯ ಮೇಲೆ ಅವರು ಕುಳಿತಿದ್ದರು. ಅರವತ್ತರ ಆಸುಪಾಸು, ಗಿಡ್ಡ ಆಳು, ಎರಡೂ ಕಿವಿಗಳಲ್ಲಿ ಹತ್ತಿ. ಎಡಗೈ ಹೆಬ್ಬೆರಳಿನ ಉಗುರು ಎಂದೋ ಒಡೆದು ಎರಡು ಭಾಗವಾಗಿ ಬೆಳೆದಿತ್ತು. ಹತ್ತಿಯನ್ನು ತೆಗೆಯದೆಯೇ ಮಾತನಾಡುತ್ತಿದ್ದರು. ಹೀಗಾಗಿ ಅವರ ಸಾಮಾನ್ಯ ಮಾತು ಓಣಿಗೆಲ್ಲ ಕೇಳುತ್ತಿತ್ತು.

“ಕಾಕಾರ, ಒಂದು ಹೊಗಿ ಛತ್ರಿ ಮಾಡಿಸ್ಬೇಕಾಗೇತ್ರಿ.”

“ಯಾರಿಗೆ?”

“ಒಲಿಗ್ರಿ.”

“ಒಲಿಗೆ ಹೊಗಿ ತ್ರಾಸ ಕೊಡೂದಿಲ್ಲೋ ತಮ್ಮಾ. ಯಾರಿಗೆ ಅಂತ ಕೇಳಿದ್ನಿ.”

“ನಮ್ಮವ್ವಗ್ರಿ.”

“ಹಾಂ. ಕುಂತು ಅಡಗಿ ಮಾಡ್ತಾಳೋ, ನಿಂತು ಮಾಡ್ತಾಳೋ?”

ಅವರು ಹೇಳಿದ ಮೊದಲ ಮಾತುಗಳು ಇವು. ಎಲ್ಲಿಯೇ ಛತ್ರಿ ಕೂಡಿಸುವುದಿರಲಿ, ಅಡುಗೆ ಮಾಡುವ ಹೆಂಗಸನ್ನು ಒಲೆಯ ಮುಂದೆ ಕೂಡಿಸಿ ಒಂದು ರೊಟ್ಟಿ ಮಾಡಿಸಿ ನೋಡದೆ ಅವರು ಕೆಲಸ ಹಿಡಿಯುತ್ತಿರಲಿಲ್ಲವೆಂದು ಆಮೇಲೆ ತಿಳಿಯಿತು. ರೊಟ್ಟಿ ತಿರುವಿ ಹಾಕುವಾಗ ಅವಳ ಹಣೆ ಎಷ್ಟು ಮುಂದೆ ಬರುತ್ತದೆ ಎನ್ನುವುದು ಅವರಿಗೆ ಬೇಕಾದ ಮುಖ್ಯ ಅಳತೆ. ಮುಶಿಗೇರಿಯ ಒಂದು ದೊಡ್ಡ ಮನೆಯಲ್ಲಿ ಯಜಮಾನರು, ಹೆಣ್ಣುಮಕ್ಕಳು ಹೊರಗಿನವರ ಮುಂದೆ ಬರುವುದಿಲ್ಲ, ನಾವೇ ಹೇಳುತ್ತೇವೆ, ಮಾಡು ಎಂದರಂತೆ. “ಹಂಗಾರ ನೀವ ಬಂದು ಒಲಿ ಮುಂದ ಕುಂದರ್ರಿ, ಎರಡು ರೊಟ್ಟಿ ಬಡೀರಿ,” ಎಂದು ಇವರು ಹೇಳಿದರಂತೆ. ಯಜಮಾನರು ಖರೇನೇ ಕುಳಿತರೋ ಇಲ್ಲವೋ ಎಂದು ನಾನು ಕಾಕಾನನ್ನು ಕೇಳಿದೆ. “ರೊಟ್ಟಿ ಹರಿದ್ವು,” ಎಂದಷ್ಟೇ ಅಂದರು.

ನಮ್ಮ ಮನೆಗೂ ಮೊದಲು ಬಂದು ನೋಡಬೇಕೆಂದಿದ್ದರು. ಆದರೆ ಆಗ ಅವರ ಕಾಲಿಗೆ ತಗಡು ಬಡಿದು ಗಾಯವಾಗಿತ್ತು. ನನಗೆ ಅವಸರ. ಅಳತೆಯನ್ನು ನಾನೇ ತಂದುಕೊಡುತ್ತೇನೆ, ಅಳೆಯುವುದು ನನಗೆ ಬರುತ್ತದೆ ಎಂದೆ. ಅವರು ನನ್ನ ಕಿಸೆಯಲ್ಲಿದ್ದ ಪೆನ್ಸಿಲನ್ನು ನೋಡಿದರು. “ತಾ. ನೋಡೂಣು,” ಎಂದರು.

ಮೇ ಒಂದರಂದು, ರವಿವಾರ, ಮುಂಜಾನೆ ಒಂಬತ್ತರಿಂದ ಹನ್ನೆರಡರವರೆಗೆ ಅಳೆದೆ. ಕಟ್ಟಡದ ಮೇಸ್ತ್ರಿಯೊಬ್ಬರ ರಸಮಟ್ಟವನ್ನು ಎರವಲು ತಂದಿದ್ದೆ. ನಮ್ಮ ಅಡುಗೆ ಮನೆಯ ಸೂರು ಯಾವ ಕಡೆಯಿಂದ ನೋಡಿದರೂ ಸಮ ಇಲ್ಲ. ಒಲೆಯ ಎಡಕ್ಕೆ ಒಂದು ತೊಲೆ ಜೋತುಬಿದ್ದಿದೆ. ಬಲಕ್ಕೆ ಜಂತಿಗಳು ಒಂದೊಂದು ಒಂದೊಂದು ದಪ್ಪ. ಬೆಳಕಿಂಡಿಯ ನಾಲ್ಕು ಮೂಲೆಗಳಿಂದ ನೆಲಕ್ಕೆ ದಾರ ಬಿಟ್ಟು ನೋಡಿದರೆ ಅತಿ ಎತ್ತರದ ಮೂಲೆಗೂ ಅತಿ ತಗ್ಗಿನ ಮೂಲೆಗೂ ಎರಡೂ ಮುಕ್ಕಾಲು ಇಂಚು ಅಂತರ. ಪ್ರತಿ ಮೂಲೆಯನ್ನೂ ಮೂರು ಮೂರು ಸಲ ಅಳೆದೆ. ಹನ್ನೆರಡೂ ಅಂಕಿ ಬರೆದು, ಚಿತ್ರ ತೆಗೆದು, ಮುಂದಿನ ರವಿವಾರ ಅವರಿಗೆ ಕೊಟ್ಟು ಬಂದೆ. ಅವರಿಗೆ ಓದಲು ಬರುತ್ತಿರಲಿಲ್ಲ. ನಾನು ಅಂಕಿ ಓದಿದ ಹಾಗೆ ಜೋಳದ ದಂಟಿನ ತುಂಡುಗಳನ್ನು ಆ ಅಳತೆಗೆ ಮುರಿದು, ನಾಲ್ಕನ್ನೂ ಒಂದು ದಾರದಲ್ಲಿ ಕಟ್ಟಿ ಗೋಡೆಯ ಮೊಳೆಗೆ ತೂಗುಹಾಕಿದರು. ಅಲ್ಲಿ ಅಂಥ ಕಟ್ಟುಗಳು ಇಪ್ಪತ್ತಾರು ಇದ್ದವು. ಒಂದೊಂದು ಕಟ್ಟು ಒಂದೊಂದು ಮನೆ.

ಮೇ ಇಪ್ಪತ್ತೆರಡರಂದು ಛತ್ರಿ ತಂದರು. ಚಕ್ಕಡಿಯಿಂದ ಇಳಿಸಿ ತಲೆಯ ಮೇಲೆ ಹೊತ್ತುಕೊಂಡು ಓಣಿಯಲ್ಲಿ ಬರುವಾಗ ಕಟ್ಟೆಯ ಮೇಲೆ ಕುಳಿತವರು ಸುಮ್ಮನಿರಲಿಲ್ಲ.

“ಏನ್ ಕಾಕಾ, ಬಿಸಲಾಗ ಇಷ್ಟ ದೊಡ್ಡ ಛತ್ರಿ ಬೇಕೇನ ನಿನಗ?”

“ನಿಮ್ಮ ಮಾತು ಮ್ಯಾಲೆ ಬೀಳ್ತಾವಲ್ಲ, ಅದಕ್ಕ ಹಿಡಕೊಂಡ ಬಂದೀನಿ.”

ಅವ್ವನನ್ನು ಕೂಡಿಸಿ, ರೊಟ್ಟಿ ಮಾಡಿಸಿ, ಹಣೆಯ ಜಾಗ ನೋಡಿಕೊಂಡರು. ಆಮೇಲೆ ಅಪ್ಪ, ನಾನು, ಅವರು ಮೂವರೂ ಸೇರಿ ಛತ್ರಿಯನ್ನು ಎತ್ತಿದೆವು. ಎಡ ಮೂಲೆ ತೊಲೆಗೆ ಬಡಿಯಿತು. ಎದುರಿನ ಮೂಲೆಯಲ್ಲಿ ಎರಡು ಬೆರಳು ತೂರುವಷ್ಟು ಸಂದು ಉಳಿಯಿತು. ತಿರುಗಿಸಿ ನೋಡಿದೆವು, ಒತ್ತಿ ನೋಡಿದೆವು. ಕೂಡಲಿಲ್ಲ. ಆ ಸಂದಿನಿಂದ ಹೊಗೆ ಜಂತಿಗಳಿಗೆ ಹೋಗುತ್ತಿತ್ತು, ಅಲ್ಲಿಂದ ಮತ್ತೆ ಅವ್ವನ ಕಣ್ಣಿಗೆ.

ನಾನು ಕಾಗದ ತೆಗೆದು ಮತ್ತೆ ಅಳೆದೆ. ಎಡ ಮೂಲೆ ನನ್ನ ಅಂಕಿಗಿಂತ ಅರ್ಧ ಇಂಚು ಕೆಳಗಿತ್ತು.

“ನಾ ತಪ್ಪ ಅಳದಿಲ್ರಿ ಕಾಕಾ. ಮೂರ ಮೂರ ಸಲ ಅಳದೀನಿ.”

“ತಪ್ಪ ಅಂದ್ನೇನ ನಾನು?”

ಅವರು ಛತ್ರಿಯ ಕಡೆ ನೋಡಲಿಲ್ಲ. ಹೋಗಿ ಅಡುಗೆ ಮನೆಯ ಬಾಗಿಲನ್ನು ಮುಂದಕ್ಕೆ ದೂಡಿದರು. ಅದು ಹೊಸ್ತಿಲನ್ನು ಕೆರೆದು ಅರ್ಧಕ್ಕೆ ನಿಂತಿತು.

“ತಂಗಿ, ಈ ಬಾಗಲಾ ಯಾವಾಗಿಂದ ಹಿಂಗ ಕೆರಿತೈತಿ?”

“ಮಣ್ಣ ಹಾಕಿದ್ಮ್ಯಾಲೆ ರೀ ಅಣ್ಣಾರ,” ಎಂದಳು ಅವ್ವ. “ವರ್ಷಾ ಹಂಗ ಅದು. ದೀಪಾವಳಿತನಕಾ ಎತ್ತಿ ಎತ್ತಿ ಹಾಕಬೇಕು.”

“ಯಾವಾಗ ಹಾಕಿದ್ರಿ ಮಣ್ಣ?”

“ಈಗ ಎಂಟ ದಿನಾ ಆತು.”

ಕಾಕಾ ನನ್ನ ಕಡೆ ತಿರುಗಿದರು. “ಕೇಳಿದ್ಯಾ? ನಿನ್ನ ಅಳತಿ ಖರೇ ಐತಿ. ಅಳದ ದಿವಸ ಖರೇ ಇತ್ತು.”

ನಮ್ಮ ಕಡೆಯ ಮನೆಗಳ ಮೇಲೆ ಹೆಂಚಿಲ್ಲ. ತೊಲೆ, ಜಂತಿ, ಅದರ ಮೇಲೆ ಮಣ್ಣು. ಮಿರಗದ ಮಳೆ ಕೂಡುವುದಕ್ಕಿಂತ ಮೊದಲು, ಸೋರಬಾರದೆಂದು, ಪ್ರತಿ ಬೇಸಿಗೆಯಲ್ಲಿ ಕರಲು ಮಣ್ಣು ತಂದು ಮಾಳಿಗೆಯ ಮೇಲೆ ಹರವಿ ಬಡಿಯುತ್ತಾರೆ. ಆ ಭಾರಕ್ಕೆ ತೊಲೆ ಬಾಗುತ್ತದೆ. ಇದು ನನಗೆ ಗೊತ್ತಿಲ್ಲದ್ದಲ್ಲ. ಆ ವರ್ಷ ಮಣ್ಣನ್ನು ಹೊತ್ತವನೇ ನಾನು. ದಿನಚರಿಯಲ್ಲಿ ಲೆಕ್ಕವೂ ಇದೆ: ಎರಡು ದಿನ, ನೂರ ಅರವತ್ತೆರಡು ಬುಟ್ಟಿ. ಸೂರಿನ ಅಳತೆ ಬರೆದ ಪುಟಕ್ಕೂ ಬುಟ್ಟಿಗಳ ಪುಟಕ್ಕೂ ನಡುವೆ ಬರೀ ಏಳು ಹಾಳೆ. ಎರಡನ್ನೂ ಬರೆದದ್ದು ಇದೇ ಕೈ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿದೆ ಎಂದು ಹೊಳೆಯಲಿಲ್ಲ. ಹೊಳೆದದ್ದು, ಬಾಗಿಲು ಎತ್ತಿ ಎತ್ತಿ ಹಾಕುವ ಅವ್ವನಿಗೆ. ಅವಳನ್ನು ನಾನು ಕೇಳಿರಲಿಲ್ಲ.

“ಮನಿ ಅಂದ್ರ ಎತ್ತಿದ್ಹಂಗ ತಮ್ಮಾ,” ಎಂದರು ಕಾಕಾ. “ಹೊರಿ ಹೇರಿದ ಕೂಡಲೇ ಮೊಣಕಾಲ ಒಂದೀಟು ಬಗ್ಗಸ್ತೈತಿ. ನೀನು ಖಾಲಿ ಎತ್ತಿನ ಅಳತಿ ತಂದಿದ್ದಿ.”

ಹೊರಿ ಹೊತ್ತ ಎತ್ತಿನ ಅಳತೆಯನ್ನು ಅವರು ತೆಗೆದುಕೊಂಡ ರೀತಿ ಹೀಗೆ. ಒಂದು ಹಲಗೆಯನ್ನು ಸೂರಿನಿಂದ ಅರ್ಧ ಗೇಣು ಕೆಳಗೆ, ಎರಡು ಕೋಲುಗಳ ಮೇಲೆ ನಿಲ್ಲಿಸಿದರು. ಹೊಲದ ಎರೆಮಣ್ಣನ್ನು ಹಿಟ್ಟಿನ ಹಾಗೆ ನಾದಿ ತರಲು ಹೇಳಿದರು. ಹಲಗೆಗೂ ಸೂರಿಗೂ ನಡುವೆ ಆ ಮಣ್ಣನ್ನು ತುಂಬಿ ಒತ್ತಿದರು. ಸ್ವಲ್ಪ ಗಟ್ಟಿಯಾದ ಮೇಲೆ ಹಲಗೆಯನ್ನು ಮೆಲ್ಲಗೆ ಇಳಿಸಿದರೆ ಮಣ್ಣಿನ ಮೇಲಂಚಿನಲ್ಲಿ ನಮ್ಮ ಸೂರಿನ ಏರು ತಗ್ಗು ಇದ್ದ ಹಾಗೇ ಮೂಡಿತ್ತು. ಜಂತಿಯ ಗಂಟು ಕೂಡ ಬಿದ್ದಿತ್ತು. ಅದನ್ನು ತಗಡಿನ ಮೇಲಿಟ್ಟು ಮೊಳೆಯಿಂದ ಗೀರು ಹಾಕಿ ಕತ್ತರಿಸಿದರು. ನಾಲ್ಕು ಬದಿಗೆ ನಾಲ್ಕು ಸಲ. ಒಂದು ಅಂಕಿಯೂ ಬೇಕಾಗಲಿಲ್ಲ.

ಅಪ್ಪನಿಗೆ ಇದೆಲ್ಲ ಹೆಚ್ಚಾಯಿತು. “ತಗಡ ಬಗ್ಗಿಸಿ ತೊಲಿಗೆ ಮೊಳಿ ಜಡದ್ರ ಆತಲ್ಲೋ ಕಾಕಾ. ಎಷ್ಟ ದಿನಾ ಇದು?”

“ಜಡಿಯೂಣ್ರಿ ಗೌಡ್ರ. ಮುಂದಿನ ವರ್ಷ ಮತ್ತ ಮಣ್ಣ ಹಾಕ್ತೀರಿ, ತೊಲಿ ಮತ್ತ ಇಳೀತೈತಿ. ಆವಾಗ ಈ ತಗಡ ಎಲ್ಲಿಗೆ ಹೋಗಬೇಕು? ಜಾಗಾ ತೋರಸ್ರಿ, ಅಲ್ಲೇ ಜಡಿತೇನಿ.”

ಅಪ್ಪ ಎದ್ದು ಎತ್ತುಗಳ ಕಡೆಗೆ ಹೋದರು.

ಕಾಕಾ ಛತ್ರಿಯನ್ನು ಎರಡು ತುಂಡು ಮಾಡಿದರು. ಮೇಲಿನದು ಒಂದು ಪಟ್ಟಿ. ಅದರ ಮೇಲಂಚು ಸೂರಿನ ಆಕಾರಕ್ಕೆ ಕತ್ತರಿಸಿದ್ದು. ಅದನ್ನು ತೊಲೆಗೂ ಜಂತಿಗೂ ಜಡಿದರು. ಕೆಳಗಿನದು ಛತ್ರಿ. ಅದನ್ನು ಸೂರಿಗೆ ತಾಕಿಸಲೇ ಇಲ್ಲ. ಕಲ್ಲಿನ ಗೋಡೆಯಿಂದ ಎರಡು ಕಬ್ಬಿಣದ ಕೋಲು ಚಾಚಿ ಅವುಗಳ ಮೇಲೆ ಕೂಡಿಸಿದರು. ಛತ್ರಿಯ ಕೊರಳು ಮೇಲಿನ ಪಟ್ಟಿಯೊಳಗೆ, ಡಬ್ಬಿ ಮುಚ್ಚಳದೊಳಗೆ ಹೋದ ಹಾಗೆ ಹೋಯಿತು. ಕೊರಳು ಪಟ್ಟಿಯೊಳಗೆ ಪೂರ್ತಿ ಏರಬಾರದು, ಇಳಿಯುವುದಕ್ಕೆ ಒಂದು ಬೆರಳಿನಷ್ಟು ಸಂದು ಇರಬೇಕು ಎಂದರು. ಸೂರು ಇಳಿದರೆ ಪಟ್ಟಿ ಕೊರಳಿನ ಮೇಲೆ ಜಾರಿ ಇಳಿಯುತ್ತದೆ, ಛತ್ರಿ ಇದ್ದಲ್ಲೇ ಇರುತ್ತದೆ. ನಾನು ಎರಡು ದಿನ ರಜೆ ಹಾಕಿದ್ದೆ. ಮೇ ಇಪ್ಪತ್ತನಾಲ್ಕರ ಮಧ್ಯಾಹ್ನ ಎರಡೂವರೆಗೆ ಕೆಲಸ ಮುಗಿಯಿತು.

ಒಲೆ ಹೊತ್ತಿಸಿದೆವು. ಮೊದಲು ಹೊಗೆ ಛತ್ರಿಯ ಅಂಚಿನಲ್ಲಿ ಸುತ್ತಿ ಅನುಮಾನಿಸಿತು. ಆಮೇಲೆ ಮೇಲಕ್ಕೆ ಹೋಯಿತು. ಅವ್ವ ಮೂರು ರೊಟ್ಟಿ ಮಾಡಿದಳು. ಆಮೇಲೆ, “ಎದುರಿನ ಗ್ವಾಡಿ ಕಾಣಾಕತ್ತೇತಲ್ರಿ,” ಎಂದಳು. ಇಪ್ಪತ್ತಾರು ವರ್ಷ ಅದೇ ಗೋಡೆಯ ಮುಂದೆ ಕುಳಿತವಳು. ಅಂದು ಹದಿನೆಂಟು ರೊಟ್ಟಿಗೆ ನಾಲ್ಕು ಸಲ ಕಣ್ಣು ಒರೆಸಿಕೊಂಡಳು. ಅದರಲ್ಲಿ ಎಷ್ಟು ಸಲ ಹೊಗೆಯಿಂದ ಎಂದು ನನಗೆ ಹೇಳಲಾಗದು.

ಅಂದಿನಿಂದ ಪ್ರತಿ ತಿಂಗಳ ಮೊದಲ ರವಿವಾರ ಎಣಿಸುತ್ತ ಬಂದಿದ್ದೇನೆ. ಮೂರು, ನಾಲ್ಕು, ಒಮ್ಮೆ ಎರಡು. ಈ ವರ್ಷದ ಮೇವರೆಗೆ ಐದರ ಮೇಲೆ ಹೋಗಲಿಲ್ಲ.

ಕಾಕಾ ಹೋಗುವಾಗ ಒಂದು ಮಾತು ಹೇಳಿದ್ದರು. ಸಂದಿನಲ್ಲಿ ಮಸಿ ಕೂಡುತ್ತದೆ, ಕೂತು ಗಟ್ಟಿಯಾಗುತ್ತದೆ. ಮಣ್ಣು ಹಾಕುವುದಕ್ಕಿಂತ ಮೊದಲು ಅದನ್ನು ಕೆರೆದು ತೆಗೆಯದಿದ್ದರೆ ಪಟ್ಟಿ ಜಾರುವುದಿಲ್ಲ. ನಾನು ಬರುತ್ತೇನೆ ಎಂದರು. ಹಾಗೆಯೇ ಬಂದರು. ೧೯೫೬ರ ಮೇ ಹದಿಮೂರು, ೧೯೫೭ರ ಮೇ ಹನ್ನೆರಡು, ಎರಡೂ ರವಿವಾರ. ಯಾರೂ ಹೇಳಿ ಕಳಿಸಿರಲಿಲ್ಲ. ಬಂದು, ಅವ್ವನನ್ನು ಒಂದು ಸಲ ಕೂಡಿಸಿ ನೋಡಿ, ಛತ್ರಿ ಇಳಿಸಿ, ಮಸಿ ಕೆರೆದು, ಮತ್ತೆ ಕೂಡಿಸಿ, ಎರಡು ರೊಟ್ಟಿ ಪುಂಡಿಪಲ್ಲೆ ತಿಂದು ಹೋಗುತ್ತಿದ್ದರು. ಮಣ್ಣು ಹಾಕಿದ ಮೇಲೆ ಇನ್ನೊಮ್ಮೆ ಬಂದು ನೋಡಿಹೋಗುತ್ತಿದ್ದರೆಂದು ಅವ್ವ ಹೇಳಿದಳು. ಆಗ ನಾನು ರೋಣದಲ್ಲಿರುತ್ತಿದ್ದೆ. ಹೀಗಾಗಿ ಅದು ದಿನಚರಿಯಲ್ಲಿಲ್ಲ.

(ಇಲ್ಲಿ ಬರೆಯುವುದನ್ನು ನಿಲ್ಲಿಸಿದ್ದೆ. ರೊಟ್ಟಿ ಮುಗಿದವು. ಇಂದಿನ ಲೆಕ್ಕ ಕೊನೆಗೆ ಹೇಳುತ್ತೇನೆ.)

ಅವರ ಊರು ಯಾವುದು ಎನ್ನುವುದು ಗೊತ್ತಾಗಲಿಲ್ಲ. ೧೯೫೬ರಲ್ಲಿ ಊಟ ಮಾಡುತ್ತ ಕೊಣ್ಣೂರಿನ ಸುದ್ದಿ ಹೇಳಿದರು. ಒಂದು ವರ್ಷ ಮಲಪ್ರಭೆ ಮನೆಯೊಳಗೆ ಬಂದಿತಂತೆ. “ತಾಮ್ರದ ಕೊಡಾ ಮುಳುಗಿದ್ವು, ಹಿತ್ತಾಳಿ ತಂಬಿಗಿ ಮುಳುಗಿದ್ವು. ಎಣ್ಣಿ ಡಬ್ಬಿ ಒಂದ ತೇಲಿಕೋತ ಹೊಂಟಿತ್ತು. ಅವತ್ತ ಅಂದ್ಕೊಂಡ್ನಿ, ಹಿಡದ್ರ ತಗಡಿನ ಕೆಲಸಾನ ಹಿಡಿಬೇಕು ಅಂತ.” ಅವ್ವ ನಕ್ಕಳು. ಮರುವರ್ಷ ಅವಳು ಅದೇ ಮಾತು ತೆಗೆದಾಗ, ಕೊಣ್ಣೂರು ಹೆಂಡತಿಯ ಊರು, ತಾವು ಕಂದೀಲು ಮಾಡಲು ಕಲಿತದ್ದು ನರಗುಂದದ ಗುಡ್ಡದ ಬುಡದಲ್ಲಿ ಎಂದರು. ಹೆಂಡತಿ ಎಲ್ಲಿ ಎಂದು ಅವ್ವ ಕೇಳಿದಳು. “ಆಕಿ ಹೋಗಿ ಭಾಳ ವರ್ಷ ಆತು ತಂಗಿ. ಕಿವ್ಯಾಗ ಅರಳಿ ಇಟ್ಕೋರಿ ಅಂತ ಹೇಳಿದಾಕಿ ಆಕಿನ.” ಕಿವಿಯ ಹತ್ತಿಯನ್ನು ಒಂದು ಸಲ ಒತ್ತಿಕೊಂಡು ಊಟ ಮುಂದುವರಿಸಿದರು.

ನನ್ನ ದಿನಚರಿಯ ಬಗ್ಗೆ ಅವರಿಗೆ ಗೌರವವೇನೂ ಇರಲಿಲ್ಲ. “ಬುಕ್ಕಿನ ತಮ್ಮಾ” ಎಂದೇ ಕರೆಯುತ್ತಿದ್ದರು. “ನೀ ಬರದಿಟ್ಟದ್ದನ್ನ ತೊಲಿ ಓದತೈತೇನ? ಓದಿ, ಗೌಡ್ರ ಮಗಾ ಬರದಾನ, ಬಗ್ಗಬಾರದು ಅಂತ ನಿಂದರತೈತೇನ?” ೧೯೫೭ರಲ್ಲಿ ಅವರು ಹೊರಡುವಾಗ ನನಗೆ ನೆನಪಾಯಿತು.

“ಕಾಕಾರ, ನಿಮ್ಮ ಹೆಸರೇನ್ರಿ? ಬರ್ಕೋತೇನಿ.”

“ಈಗ್ಯಾಕ?”

“ಹೆಸರಿಲ್ದ ಬರದೀನ್ರಿ ಮೂರ ವರ್ಷ.”

“ಹೆಸರಿಲ್ದ ಹೊಗಿ ನಿಂತಿಲ್ಲೇನ?” ಎಂದು ಚೀಲವನ್ನು ಹೆಗಲಿಗೇರಿಸಿದರು. “ಮುಂದಿನ ವರ್ಷ ಬಂದಾಗ ಬರ್ಕೊ. ಚಕ್ಕಡಿ ಹೋಗ್ತೈತಿ.”

ಚಕ್ಕಡಿ ಇನ್ನೂ ಹೊರಟಿರಲಿಲ್ಲ. ಹಿಂದೆ ಓಡಿಹೋಗಿ ಕೇಳಬಹುದಿತ್ತು. ಕೇಳಲಿಲ್ಲ.

ಈ ವರ್ಷ ಮೇ ನಾಲ್ಕರಂದು ಎಣಿಸಿದಾಗ ಮೂರು. ಜೂನ್ ಒಂದರಂದು ಎಣಿಸಿದಾಗ ಹತ್ತೊಂಬತ್ತು. ಎಣಿಕೆ ತಪ್ಪಿತೆಂದು ಸಂಜೆಯ ಅಡುಗೆಯಲ್ಲಿ ಮತ್ತೆ ಎಣಿಸುವುದಾಗಿ ಹೇಳಿದೆ.

“ಏನ್ ಎಣಸ್ತಿ? ಛತ್ರಿ ಹರದೇತಿ, ಮ್ಯಾಲೆ ನೋಡು,” ಎಂದಳು ಅವ್ವ. ಅವಳ ಎಡಗಣ್ಣು ಕೆಂಪಾಗಿತ್ತು. “ಎಂಟ ದಿನಾ ಆತು. ಮಣ್ಣ ಹಾಕಿದ ದಿನಾ ನೀ ರೋಣಕ್ಕ ಹೋದ ಮ್ಯಾಲೆ ಸಂಜಿಗೆ ಟರ್ರ್ ಅಂತು.”

“ಯಾಕ ಹೇಳಲಿಲ್ಲಬೇ?”

“ಕಾಕಾ ಬರ್ತಾನಲ್ಲ, ಮಾಡ್ತಾನ ಅಂತ ಸುಮ್ಮನಿದ್ನಿ.”

ನಾನು ದಿನಚರಿ ತೆಗೆದು ನೋಡಿದೆ. ಮೇ ತಿಂಗಳಲ್ಲಿ ನಾಲ್ಕು ರವಿವಾರ. ನಾಲ್ಕೂ ದಿನ ನಾನು ಮನೆಯಲ್ಲಿದ್ದೆ. ಹನ್ನೊಂದರಂದು ಕಾಕಾ ಬಂದರೆಂದು ಬರೆದಿಲ್ಲ, ಹದಿನೆಂಟರಂದೂ ಇಲ್ಲ. ಬಂದದ್ದನ್ನು ಬರೆದಿಡುವುದು ನನಗೆ ರೂಢಿ. ಬಾರದ್ದನ್ನು ಬರೆಯುವ ರೂಢಿ ಇಲ್ಲ. ಮಣ್ಣು ಹೊತ್ತ ಬುಟ್ಟಿಗಳ ಲೆಕ್ಕ ಮಾತ್ರ ಇದೆ.

ಅಂದೇ ಗಜೇಂದ್ರಗಡಕ್ಕೆ ನಡೆದೆ. ಓಣಿಯ ತಿರುವಿಗೆ ಬಂದಾಗಲೇ ಸದ್ದಿಲ್ಲದ್ದು ತಿಳಿಯಿತು. ಗೂಡಂಗಡಿಯ ಹಲಗೆ ಹಾಕಿತ್ತು. ಪಕ್ಕದ ನೂಲಿನ ಅಂಗಡಿಯವರು ಹೊರಗೆ ಬಂದರು.

“ಯಾರು, ಕಾಕಾ ಬೇಕಾಗಿದ್ರೇನ? ಹೋದ್ರಲ್ರಿ ಅವ್ರು. ಸಂಕ್ರಾಂತಿ ಮುಂದ. ನಾಕ ದಿನಾ ಜ್ವರಾ ಬಂದ್ವು, ಅಷ್ಟ.”

“ಮನಿಯವ್ರು?”

“ಯಾರಿದ್ದಾರ? ನರಗುಂದದ ಕಡಿಂದ ಒಬ್ಬಾಕಿ ಬಂದಿದ್ಲು, ಅಕ್ಕನ ಮಗಳಂತ. ಕತ್ತರಿ, ಸುತ್ತಿಗಿ ಎಲ್ಲಾ ಚೀಲದಾಗ ಹಾಕ್ಕೊಂಡು ಹೋದ್ಲು.”

“ಗ್ವಾಡಿಗೆ ದಂಟಿನ ಕಟ್ಟು ಇದ್ವಲ್ರಿ?”

“ದಂಟು? ಹಾಂ, ಇದ್ವು. ಅವೇನ್ ಮಾಡೂದು, ಕಸಾ ಅಂತ ನಮ್ಮ ಒಲಿಗೆ ಹಾಕಿದ್ವಿ. ಯಾಕ್ರಿ, ಬೇಕಾಗಿದ್ವೇನ?”

ನಾನು ಇಲ್ಲವೆಂದೆ. ಹೆಸರು ಕೇಳಿದೆ. ಅವರು ಒಳಗಿದ್ದ ಹೆಂಡತಿಯನ್ನು ಕೂಗಿ ಕೇಳಿದರು. ಅವರು ಎದುರು ಮನೆಯ ಮುದುಕರನ್ನು ಕೇಳಿದರು. ಹದಿನೇಳು ವರ್ಷ ಪಕ್ಕದಲ್ಲಿದ್ದವರು. “ಕಾಕಾ ಅಂತ ಕರೀತಿದ್ವಿ ನೋಡ್ರಿ. ಹೆಸರು... ಇತ್ತು. ಬಾಯಾಗ ಐತಿ, ಬರವಲ್ದು,” ಎಂದರು.

ಊರಿನಲ್ಲಿ ಬೇರೆ ತಗಡಿನವರು ಇಬ್ಬರಿದ್ದಾರೆ. ಇಬ್ಬರನ್ನೂ ಕೇಳಿದೆ. ಹೊಸ ಛತ್ರಿ ಮಾಡಿ ತೊಲೆಗೆ ಜಡಿದು ಕೊಡುತ್ತೇವೆ ಎಂದರು. ನಾನು ವಾಪಸು ಬಂದೆ.

ಜೂನ್ ಎಂಟರಂದು ನಾನೇ ಮಾಡಿದೆ. ಮುಂಜಾನೆ ಏಳಕ್ಕೆ ಆರಂಭ. ಅಪ್ಪ ಒಂದು ಕಡೆ ಹಿಡಿದರು. ಕೊರಳು ಪಟ್ಟಿಗೆ ಕಲ್ಲಿನಂತೆ ಕಚ್ಚಿಕೊಂಡಿತ್ತು. ಮಸಿ ಗಟ್ಟಿಯಾಗಿ ಸಂದು ಮುಚ್ಚಿಹೋಗಿತ್ತು. ಜಾರಲು ಜಾಗವಿಲ್ಲ, ಮೇಲಿಂದ ತೊಲೆ ಒತ್ತಿತು, ಛತ್ರಿಯ ಬೆಸುಗೆ ಬಿಟ್ಟು ಒಂದು ಗೇಣು ಬಾಯಿ ತೆರೆದಿತ್ತು. ಹಳೆಯ ಕುಡುಗೋಲಿನ ತುದಿಯಿಂದ ಕೆರೆಯುತ್ತ ಕೆರೆಯುತ್ತ ಛತ್ರಿಯನ್ನು ಇಳಿಸುವ ಹೊತ್ತಿಗೆ ಹತ್ತು ಗಂಟೆ. ಅಂಗಳಕ್ಕೆ ತಂದು ಬೂದಿಯಿಂದ ಕೊರಳನ್ನು ತಿಕ್ಕಿದೆ.

ಮಸಿ ಹೋದ ಮೇಲೆ ಗೀರುಗಳು ಕಂಡವು. ಕೊರಳಿನ ಹೊರಮೈಯಲ್ಲಿ, ಎಡ ಮೂಲೆಯಲ್ಲಿ, ಮೊಳೆಯಿಂದ ಗೀರಿದ ಅಡ್ಡ ಗೆರೆಗಳು ಮೂರು. ಮೇಲಿನದರ ಪಕ್ಕ ಒಂದು ಚುಕ್ಕೆ, ನಡುವಿನದರ ಪಕ್ಕ ಎರಡು, ಕೆಳಗಿನದರ ಪಕ್ಕ ಮೂರು. ಮೊದಲನೆಯದಕ್ಕೂ ಎರಡನೆಯದಕ್ಕೂ ಒಂದು ಜೋಳದ ಕಾಳಿನಷ್ಟು ಅಂತರ. ಎರಡನೆಯದಕ್ಕೂ ಮೂರನೆಯದಕ್ಕೂ ಅಷ್ಟೇ. ನಾನು ಅಲ್ಲೇ ಕುಳಿತು ಚುಕ್ಕೆಗಳನ್ನು ಎಣಿಸಿದೆ. ಮೊದಲ ವರ್ಷ, ಎರಡನೆಯ ವರ್ಷ, ಮೂರನೆಯ ವರ್ಷ. ಪ್ರತಿ ವರ್ಷ ಮಣ್ಣು ಬಿದ್ದ ಮೇಲೆ ಪಟ್ಟಿಯ ಕೆಳಂಚು ಎಲ್ಲಿಗೆ ಬಂದು ನಿಂತಿತೋ ಅಲ್ಲಿ ಗೆರೆ. ಮರುವರ್ಷ ಪಟ್ಟಿ ಇನ್ನಷ್ಟು ಇಳಿದು ಹಿಂದಿನ ಗೆರೆಯನ್ನು ಮುಚ್ಚಿಕೊಳ್ಳುತ್ತಿತ್ತು. ಹೀಗಾಗಿ ಮನೆಯಲ್ಲಿ ಯಾರಿಗೂ ಅವು ಕಾಣಲಿಲ್ಲ. ಎರಡನೆಯ ಸಲ ಬಂದು ಅವರು ಮಾಡುತ್ತಿದ್ದ ಕೆಲಸ ಇದೇ. ಓದಲು ಬಾರದ, ನನ್ನ ಪುಸ್ತಕವನ್ನು ನೋಡಿ ನಗುತ್ತಿದ್ದ ಮನುಷ್ಯ ನಮ್ಮ ತೊಲೆಯ ಲೆಕ್ಕವನ್ನು ನಮ್ಮದೇ ಛತ್ರಿಯ ಮೇಲೆ ಇಟ್ಟಿದ್ದರು. ನನ್ನ ಹಾಗೆ ಬಂದದ್ದು ಹೋದದ್ದೆಲ್ಲ ಬರೆದಿರಲಿಲ್ಲ. ಬೇಕಾದ ಒಂದನ್ನು ಬರೆದಿದ್ದರು.

ಅವ್ವನನ್ನು ಕರೆದು ತೋರಿಸಿದೆ. ಅವಳು ಎಡಗಣ್ಣಿನ ಹತ್ತಿರ ಹಿಡಿದು ನೋಡಿ, ಬೆರಳಿನಿಂದ ಗೆರೆಗಳನ್ನು ಸವರಿದಳು. “ನಿನ್ನಂಥಾವನ ಇದ್ದ ನೋಡು,” ಎಂದಳು.

ಬಿಟ್ಟ ಬೆಸುಗೆಯನ್ನು ಮಡಿಚಿ ಬಡಿದೆ. ಮೇಲೆ ಒಂದು ತಗಡಿನ ತೇಪೆ ಹಾಕಿದೆ. ಚೆಂದ ಬಂದಿಲ್ಲ. ಕೂಡಿಸುವ ಮೊದಲು ಅವ್ವನನ್ನು ಒಲೆಯ ಮುಂದೆ ಕೂಡಿಸಿ ಒಂದು ರೊಟ್ಟಿ ಮಾಡಿಸಿದೆ. ಕಾಕಾ ನೋಡಿಹೋದ ಮೇಲೆ ಅವಳು ಇನ್ನಷ್ಟು ಬಾಗಿದ್ದಾಳೆ, ಹಣೆ ಎರಡು ಬೆರಳು ಮುಂದೆ ಬರುತ್ತಿತ್ತು. ಗೋಡೆಯ ಕೋಲುಗಳ ಮೇಲೆ ಛತ್ರಿಯನ್ನು ಅಷ್ಟು ಹಿಂದಕ್ಕೆ ಸರಿಸಿದೆ. ಪಟ್ಟಿ ನಿಂತ ಜಾಗಕ್ಕೆ ನಾಲ್ಕನೆಯ ಗೆರೆ ಹಾಕಿ ನಾಲ್ಕು ಚುಕ್ಕೆ ಇಟ್ಟೆ. ಇದೂ ಒಂದು ಕಾಳಿನ ಅಂತರ. ಬಿಟ್ಟ ಬೆರಳಿನಲ್ಲಿ ಇನ್ನೂ ಅರ್ಧ ಉಳಿದಿದೆ.

ನಿನ್ನೆ ಅವ್ವನನ್ನು ದವಾಖಾನೆಗೆ ಕರೆದುಕೊಂಡು ಹೋಗಿದ್ದೆ. ಕೆಂಪು ಇಳಿದಿದೆ, ಎಡಗಣ್ಣು ಹೋದ ವರ್ಷ ಇದ್ದಂತೆಯೇ ಇದೆ ಎಂದರು ಡಾಕ್ಟರರು. ಇಂದು ಹದಿನೆಂಟು ರೊಟ್ಟಿಗೆ ಅವಳು ಕಣ್ಣು ಒರೆಸಿಕೊಂಡದ್ದು ನಾಲ್ಕು ಸಲ.

ಆ ಇಪ್ಪತ್ತಾರು ದಂಟಿನ ಕಟ್ಟುಗಳಲ್ಲಿ ನಮ್ಮದು ಒಂದು. ಉಳಿದ ಇಪ್ಪತ್ತೈದು ಮನೆಗಳು ರೋಣ, ನರಗುಂದ, ಗಜೇಂದ್ರಗಡದ ಸುತ್ತಲೇ ಇರಬೇಕು. ನಿಮ್ಮ ಒಲೆಯ ಮೇಲೆ ಎರಡು ತುಂಡಿನ ತಗಡಿನ ಛತ್ರಿ ಇದ್ದರೆ, ಈ ವರ್ಷ ಯಾರೂ ಬಂದು ಕೆರೆದಿಲ್ಲ. ದಯವಿಟ್ಟು ಇಂದೇ ಇಳಿಸಿ, ಸಂದಿನ ಮಸಿ ತೆಗೆಯಿರಿ, ಕೊರಳಿನ ಎಡ ಮೂಲೆಯನ್ನು ತಿಕ್ಕಿ ನೋಡಿರಿ. ಎಷ್ಟು ಗೆರೆಗಳಿವೆ ಎಂದು ಈ ಪತ್ರಿಕೆಯ ವಿಳಾಸಕ್ಕೆ ಒಂದು ಕಾರ್ಡು ಬರೆದರೆ ನಾನು ಪಟ್ಟಿ ಮಾಡುತ್ತೇನೆ. ಕೊಣ್ಣೂರಿನವರು, ನರಗುಂದದವರು, ಮುಖ್ಯವಾಗಿ ಕತ್ತರಿ ಸುತ್ತಿಗೆಗಳನ್ನು ಒಯ್ದ ಅವರ ಅಕ್ಕನ ಮಗಳು ಇದನ್ನು ಓದಿದರೆ ಅಥವಾ ಯಾರಾದರೂ ಓದಿ ಹೇಳಿದರೆ, ಕಾಕಾನ ಹೆಸರನ್ನು ತಿಳಿಸಬೇಕು. ನಾಲ್ಕು ಗೆರೆಗಳ ಪಕ್ಕದಲ್ಲಿ, ಪಟ್ಟಿ ಇಳಿದು ಮುಚ್ಚದ ಕಡೆ, ಹೆಸರು ಗೀರುವಷ್ಟು ಜಾಗವನ್ನು ಬೂದಿಯಿಂದ ತಿಕ್ಕಿ ಖಾಲಿ ಇಟ್ಟಿದ್ದೇನೆ.